ನೆಗ್ಗಿದ ಚೆಂಬು

ಶಿರ್ತಾಡಿ

ಪರಿಸರ ಅಧಿಕಾರಿಗಳಿಗೆ,

ನಾನು ನೋಣಯ್ಯನವರ ಹೆಂಡತಿ. ನಮ್ಮೂರಿಗೆ ಬರಲಿರುವ, ತ್ಯಾಜ್ಯ ಕಲ್ಲಿದ್ದಲು ಉರಿಸುವ ವಿದ್ಯುತ್ ಸ್ಥಾವರದ ಅಹವಾಲು ಸಭೆಯಲ್ಲಿ ಅವರು ಆಕ್ಷೇಪ ಹೇಳಲಿಲ್ಲ ಎಂದು ನಿಮ್ಮ ವರದಿಯಲ್ಲಿ ಉಂಟು. ಹೌದು, ಹೇಳಲಿಲ್ಲ.

ಸಭೆಯ ದಿನ ಬೆಳಿಗ್ಗೆ ಜೀಪಿನಲ್ಲಿ ಮೂವರು ಬಂದು, "ಬಾವಿ ನೋಡ್ಲಿಕ್ಕೆ ಬಂದದ್ದು" ಎಂದರು. ನಿಮ್ಮ ಕಚೇರಿಯವರೆಂದು ತಿಳಿದು ಜಗಲಿಯಲ್ಲಿ ಕೂರಿಸಿ ಬೆಲ್ಲ, ನೀರು ಕೊಟ್ಟೆ. ಅದನ್ನು ಕೊಡದೆ ಬಂದವರೊಡನೆ ಮಾತು ಶುರುಮಾಡುವ ಕ್ರಮ ನಮ್ಮಲ್ಲಿಲ್ಲ. ಬೆಲ್ಲ ಜಗಿದು, ನೀರು ಕುಡಿದು, ಅದೇ ತಾಮ್ರದ ಚೆಂಬಿನಿಂದ ನನ್ನ ಗಂಡನ ದವಡೆಗೆ ಹೊಡೆದರು. ಬಿದ್ದ ಮೇಲೂ ಹೊಡೆದರು. "ಇನ್ನು ಮೈಕಿನಲ್ಲಿ ಮಾತಾಡು ಮಾರಾಯ" ಎಂದು ಒಬ್ಬ ನಕ್ಕ. ಅಂಗಳದಲ್ಲಿ ಹಲ್ಲು ಹೆಕ್ಕಿದವಳು ನಾನು.

ಈಗ ದವಡೆಗೆ ತಂತಿ ಕಟ್ಟಿದ್ದಾರೆ. ಗಂಜಿಯ ತಿಳಿ ಮಾತ್ರ ಇಳಿಯುತ್ತದೆ. ಆದ್ದರಿಂದ ಸಭೆ ಇನ್ನೊಮ್ಮೆ ನಡೆಯಬೇಕು, ಅವರ ಬದಲು ನಾನು ಮಾತಾಡುತ್ತೇನೆ. ಸ್ಥಾವರದ ಬೂದಿಯ ಹೊಂಡ ನಮ್ಮ ಬಾವಿಯ ಮೇಲ್ಬದಿಯಲ್ಲೇ ಬರುತ್ತದೆ. ಅದನ್ನು ನೀವೇ ಬಂದು ನೋಡಬೇಕು.

ಬಂದರೆ ನಿಮಗೂ ಬೆಲ್ಲ, ನೀರು ಉಂಟು. ಚೆಂಬು ಅದೇ. ಹುಣಸೆಹುಳಿ ಹಾಕಿ ಉಜ್ಜಿದ್ದೇನೆ, ನೆಗ್ಗು ಹೋಗಲಿಲ್ಲ. ನೀವು ಬೊಗಸೆ ಒಡ್ಡಿ, ನಾನು ಹೊಯ್ಯುತ್ತೇನೆ. ಚೆಂಬನ್ನು ಇನ್ನು ಯಾರ ಕೈಗೂ ಕೊಡುವುದಿಲ್ಲ.

ನಿಮ್ಮ ದಾರಿ ಕಾಯುವ,
ಸುಂದರಿ