ಎಂಟು ತಿಂಗಳು ತಡೆಯಿರಿ ಎಂದವರಿಗೆ

ಮಾನ್ಯ ಸಾರಿಗೆ ಆಯುಕ್ತರೇ,

ನನ್ನ ಅಕ್ಕ ಇನ್ನು ಕಾರು ಓಡಿಸುವುದಿಲ್ಲ. ಮೂರು ವರ್ಷಗಳ ಹಿಂದೆ ಓಡಿಸಬಹುದಾಗಿತ್ತು. ನಡುವೆ ಆದದ್ದು ಇಷ್ಟೇ: ನೀವು ಕಾಯಿರಿ ಎಂದಿರಿ, ನಾವು ಕಾದೆವು. ಇದನ್ನು ನಿಮಗೆ ಖಾಸಗಿಯಾಗಿ ಐದು ಸಲ ಬರೆದಿದ್ದೇನೆ. ಐದು ಸಲವೂ 'ಪರಿಶೀಲನೆಯಲ್ಲಿದೆ' ಎಂಬ ಒಂದೇ ಉತ್ತರ, ಒಂದೇ ಕಾಗುಣಿತದ ತಪ್ಪಿನೊಂದಿಗೆ ಬಂತು. ನಾನು ಮುದ್ರಣಾಲಯದಲ್ಲಿ ಕರಡು ತಿದ್ದುವವನು. ಇಪ್ಪತ್ತಾರು ವರ್ಷಗಳಿಂದ ಇನ್ನೊಬ್ಬರ ತಪ್ಪಿಗೆ ಗುರುತು ಹಾಕುವುದೇ ನನ್ನ ಕಸುಬು. ಆರನೆಯ ಪತ್ರವನ್ನು ಎಲ್ಲರೂ ಓದಲೆಂದು ಇಲ್ಲಿ ಬರೆಯುತ್ತಿದ್ದೇನೆ.

ಅಕ್ಕ ದರ್ಜಿ. ಏಳು ವರ್ಷದವಳಿದ್ದಾಗ ಬಂದ ಜ್ವರ ಅವಳ ಕಾಲುಗಳ ಬಲವನ್ನು ಕಸಿದುಕೊಂಡಿತು; ಅಂದಿನಿಂದ ಗಾಲಿಕುರ್ಚಿ. ಅಂಗಡಿಯಲ್ಲಿ ಬಟ್ಟೆ ಕತ್ತರಿಸುವ ಮೇಜನ್ನು ಅವಳ ಮೊಣಕೈ ಮಟ್ಟಕ್ಕೆ ತಗ್ಗಿಸಿಕೊಂಡಿದ್ದಾಳೆ. ಕೋಟು ಹೊಲಿಯುವುದರಲ್ಲಿ ಅವಳದು ಎತ್ತಿದ ಕೈ. ಆದರೆ ಕೋಟು ಹೊಲಿಸುವ ಗಿರಾಕಿಗಳು ಹೆಚ್ಚಾಗಿ ಅಂಗಡಿಗೆ ಬರುವವರಲ್ಲ, ಅಳತೆಗೆ ಮನೆಗೇ ಕರೆಸಿಕೊಳ್ಳುವವರು. ಬಾಡಿಗೆ ಕಾರಿನವರಿಗೋ, ರಸ್ತೆಯಂಚಿನಲ್ಲಿ ಗಾಲಿಕುರ್ಚಿ ಕಂಡೊಡನೆ ಎಲ್ಲಿಲ್ಲದ ಅವಸರ ನೆನಪಾಗುತ್ತದೆ. ಹಾಗಾಗಿ ಪುಟ್ಟ ವಿದ್ಯುತ್ ಕಾರು ಮಾರುಕಟ್ಟೆಗೆ ಬಂದಾಗ ನಮ್ಮ ಮನೆಯಲ್ಲಿ ಮೊದಲು ಕಣ್ಣು ಅರಳಿದ್ದು ಅಕ್ಕನದು. ಕ್ಲಚ್ಚಿಲ್ಲ, ಗೇರಿಲ್ಲ. ಪೆಟ್ರೋಲ್ ಬಂಕಿಗೆ ಹೋಗುವ ಕೆಲಸವಿಲ್ಲ. ಇಸ್ತ್ರಿಪೆಟ್ಟಿಗೆಯ ಹಾಗೆ ಮನೆಯ ಗೋಡೆಗೇ ಚುಚ್ಚಬಹುದು.

ನಮ್ಮ ಬೀದಿಯ ಕೊನೆಯ ಗ್ಯಾರೇಜಿನ ಯಜಮಾನ ಮಾರಾಟಕ್ಕಿಟ್ಟಿದ್ದ ಅಂಥದ್ದೊಂದು ಕಾರಿನ ಸ್ಟಿಯರಿಂಗ್ ಕೆಳಗೆ ಕೈಸನ್ನೆ ಅಳವಡಿಸಿಕೊಟ್ಟ. ಕೈಸನ್ನೆ ಎಂದರೆ ಒಂದು ಮಾರುದ್ದದ ಯಂತ್ರವೇನಲ್ಲ, ಕಾಲಿನ ಬದಲು ಕೈಯಿಂದ ನಡೆಸುವ ಗೇಣುದ್ದದ ಹಿಡಿ; ಎಳೆದರೆ ಕಾರು ಓಡುತ್ತದೆ, ತಳ್ಳಿದರೆ ನಿಲ್ಲುತ್ತದೆ. ಅಕ್ಕ ಕುರ್ಚಿಯಿಂದ ಸೀಟಿಗೆ ತಾನೇ ಜಾರಿಕೊಂಡಳು, ಎರಡರ ಎತ್ತರವೂ ಒಂದೇ ಇತ್ತು. ಗ್ಯಾರೇಜಿನ ಅಂಗಳದಲ್ಲಿ ಆರು ಸುತ್ತು ಹೊಡೆದಳು.

"ಹೇಗಿದೆಯಮ್ಮಾ?" ಎಂದ ಯಜಮಾನ.

"ನನ್ನ ಹೊಲಿಗೆ ಯಂತ್ರಕ್ಕಿಂತ ಚೆನ್ನಾಗಿ ಮಾತು ಕೇಳುತ್ತೆ."

ಕೊರತೆ ಇದ್ದದ್ದು ಒಂದೇ. ಅವಳು ಸೀಟಿನಲ್ಲಿ ಕೂತ ಮೇಲೆ ಮಡಚಿದ ಗಾಲಿಕುರ್ಚಿಯನ್ನು ಹಿಂದೆ ಎತ್ತಿಡಲು ಇನ್ನೊಬ್ಬರು ಬೇಕು. ಕಾರನ್ನು ನಿಮ್ಮ ಇಲಾಖೆಯ ಸಹಾಯದಿಂದ ಮರುವಿನ್ಯಾಸ ಮಾಡಲಾಗುತ್ತಿದೆ, ಸಾರ್ವಜನಿಕರು ಸಲಹೆ ಕೊಡಬಹುದು ಎಂಬ ಪ್ರಕಟಣೆ ಬಂದದ್ದು ಅದೇ ವಾರ. ಅಕ್ಕನನ್ನು ನಿಮ್ಮ ಸಭೆಗೆ ಕರೆದುಕೊಂಡು ಬಂದವನು ನಾನೇ.

ಆ ದಿನ ನೀವು ಒಳ್ಳೆಯವರಾಗಿದ್ದಿರಿ. ಇಡೀ ಕತೆಯಲ್ಲಿ ನನಗೆ ನುಂಗಲಾಗದ್ದು ಅದೇ. ಜೋರು ಮಾಡಿದ್ದರೆ, ಗುಮಾಸ್ತರ ಕಡೆ ಕೈ ತೋರಿಸಿದ್ದರೆ, ನಾವು ಬೈದುಕೊಂಡು ಬಂದು ಮರುದಿನವೇ ಕಾರು ಕೊಳ್ಳುತ್ತಿದ್ದೆವು. ನೀವು ವೇದಿಕೆಯಿಂದ ಇಳಿದು ಬಂದು, ಮಡಚುವ ಕುರ್ಚಿ ಎಳೆದುಕೊಂಡು ಅವಳ ಎದುರು ಕೂತಿರಿ. ಅವಳು ಹೇಳಿದ ಅಳತೆಗಳನ್ನೆಲ್ಲ ಇಪ್ಪತ್ತು ನಿಮಿಷ ನಿಮ್ಮ ಕೈಯಾರೆ ಬರೆದುಕೊಂಡಿರಿ: ಸೀಟಿನ ಎತ್ತರ ಇಷ್ಟು, ಬಾಗಿಲ ಅಗಲ ಇಷ್ಟು, ಕೈಸನ್ನೆಗೆ ಜಾಗ ಇಷ್ಟು, ಕುರ್ಚಿಯನ್ನು ತಾನೇ ಒಳಗೆಳೆದುಕೊಳ್ಳಲು ಹಿಂಬದಿಗೆ ಜಾರುವ ಬಾಗಿಲು. ಕೊನೆಗೆ ಹೇಳಿದಿರಿ: "ಎಂಟು ತಿಂಗಳು ತಡೀರಿ ಅಮ್ಮಾ. ಈಗ ತಗೊಂಡುಬಿಟ್ಟರೆ ಆಮೇಲೆ ನನ್ನನ್ನೇ ಬೈತೀರಿ." ವಾರದೊಳಗೆ ಪತ್ರವೂ ಬಂತು, ನಿಮ್ಮ ಸಹಿಯೊಂದಿಗೆ: 'ಪ್ರಸ್ತುತ ಮಾದರಿಯನ್ನು ಖರೀದಿಸದೆ ನಿರೀಕ್ಷಿಸುವುದು ಸೂಕ್ತ.'

ಅಕ್ಕನಿಗೆ ಸೂಕ್ತ ಎನ್ನಿಸಿರಲಿಲ್ಲ. ಮೂವತ್ತೆಂಟು ವರ್ಷ ಗಾಲಿ ತಳ್ಳಿ ತಳ್ಳಿ ಅವಳ ಭುಜಗಳು ಸವೆದಿದ್ದವು. ಬಲ ಇನ್ನು ಮೂರೋ ನಾಲ್ಕೋ ವರ್ಷ ಎಂದು ವೈದ್ಯರು ಅವಳಿಗೆ ಮುಚ್ಚುಮರೆಯಿಲ್ಲದೆ ಹೇಳಿದ್ದರು.

"ತಗೊಂಡುಬಿಡೋಣ ಕಣೋ," ಎಂದಳು. "ಕುರ್ಚಿ ಎತ್ತಿಡೋಕೆ ದಾರೀಲಿ ಹೋಗೋರು ಯಾರಾದ್ರೂ ಸಿಗ್ತಾರೆ. ಭುಜ ಎಲ್ಲಿ ಸಿಗುತ್ತೆ?"

"ಆಯುಕ್ತರೇ ಹೇಳಿದ್ದಾರಲ್ಲ ಅಕ್ಕಾ. ಬರೀ ಬಾಯಿಮಾತಲ್ಲ, ಕಾಗದದಲ್ಲೂ ಇದೆ. ಇಷ್ಟು ವರ್ಷ ಕಾದಿದ್ದೀಯ, ಎಂಟು ತಿಂಗಳು ಯಾವ ಲೆಕ್ಕ?"

"ಸರಿ ಬಿಡು ಪಂಡಿತ, ನಾಲ್ಕಕ್ಷರ ಓದಿದವನು ನೀನು," ಎಂದಳು.

ಎಂಟು ಹದಿನಾಲ್ಕಾಯಿತು, ಹದಿನಾಲ್ಕು ಇಪ್ಪತ್ತೆರಡಾಯಿತು. ನಿಮ್ಮ ಕಚೇರಿಯಿಂದ ಮಾತ್ರ ತಪ್ಪದೆ ಕಾಗದ ಬರುತ್ತಿತ್ತು. 'ಶೀಘ್ರದಲ್ಲೇ', 'ಅತಿ ಶೀಘ್ರದಲ್ಲೇ', 'ಅಂತಿಮ ಹಂತದಲ್ಲಿ'. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಯಬಾರದೆಂಬುದು ದರ್ಜಿಗಳಿಗೂ ಗೊತ್ತು. ಆದರೂ ಅಕ್ಕ ಹೊಸ ಕಾರಿನ ಸೀಟಿಗೆಂದು ಜಾರುವ ಬಟ್ಟೆಯ ಹೊದಿಕೆಯೊಂದನ್ನು ಹೊಲಿದಿಟ್ಟುಕೊಂಡಳು.

ಇಪ್ಪತ್ತೆರಡನೆಯ ತಿಂಗಳಲ್ಲಿ ಗ್ಯಾರೇಜಿನ ಯಜಮಾನ ಅಂಗಡಿಗೆ ಬಂದ. "ಹಳೆ ಮಾದರಿ ನಿಲ್ಲಿಸಿಬಿಟ್ಟರಂತೆ ಅಮ್ಮಾ. ಯಾರೂ ಓಡಿಸದ್ದು ಅಂತ ಉಳಿದಿರೋದು ನನ್ನ ಗ್ಯಾರೇಜಲ್ಲಿರೋ ಇದೊಂದೇ. ನಾಳೆ ಸಂಜೆ ತನಕ ನಿಮಗೇ ಅಂತ ಹಿಡಿದಿಟ್ಟಿರ್ತೀನಿ." ಮರುದಿನ ನಾನು ನಿಮ್ಮ ಕಚೇರಿಗೆ ಫೋನ್ ಮಾಡಿದೆ. ಆಪ್ತ ಸಹಾಯಕರ ಕೈಯಿಂದ ಫೋನ್ ತೆಗೆದುಕೊಂಡು ನೀವೇ ಮಾತಾಡಿದಿರಿ, ನೆನಪಿದೆಯೇ? ಅಕ್ಕನ ಆರೋಗ್ಯ ವಿಚಾರಿಸಿದಿರಿ. ಅವರು ಕೇಳಿದ ಜಾರುವ ಬಾಗಿಲನ್ನು ಕೈಬಿಡುತ್ತೇವೆಯೇ ಎಂದಿರಿ. "ಮುಂದಿನ ತಿಂಗಳೇ ಬರುತ್ತೆ. ಹಳೇದಕ್ಕೆ ಕೈ ಹಾಕಬೇಡಿ." ನಾನು ಆ ಮಾತನ್ನು ತಂದು ಅಕ್ಕನಿಗೆ ಒಪ್ಪಿಸಿದೆ. ಸಂಜೆ ಆ ಕಾರನ್ನು ಬೇರೆ ಯಾರೋ ಕೊಂಡರು.

ಹೊಸ ಕಾರು ಬಂದದ್ದು ಮತ್ತೆ ಹತ್ತು ತಿಂಗಳಿಗೆ. ಷೋರೂಮಿನಲ್ಲಿ ಅಕ್ಕ ಕುತ್ತಿಗೆಯಿಂದ ಅಳತೆಪಟ್ಟಿ ತೆಗೆದು ಸೀಟಿಗೆ ಹಿಡಿದಳು. ಬ್ಯಾಟರಿಯನ್ನು ನೆಲದಡಿಗೆ ಹಾಕಿದ್ದರಿಂದ ಸೀಟು ಅವಳ ಕುರ್ಚಿಗಿಂತ ಏಳು ಅಂಗುಲ ಮೇಲಿತ್ತು. ಜಾರುವ ಬಾಗಿಲು ಇರಲಿಲ್ಲ. ಸ್ಟಿಯರಿಂಗಿನ ಕೆಳಗೆ ಮುಚ್ಚಿದ ತಗಡು. ಅದನ್ನು ಬಿಚ್ಚಿ ಕೈಸನ್ನೆ ಅಳವಡಿಸಿದರೆ ನೋಂದಣಿ ರದ್ದು, ಅದಕ್ಕೆ ನಿಮ್ಮದೇ ಸುತ್ತೋಲೆ. ಅಲ್ಲಿ ಹಂಚುತ್ತಿದ್ದ ಪುಸ್ತಿಕೆಯ ಕೊನೆಯ ಪುಟದಲ್ಲಿ 'ಅಂಗವಿಕಲ ಬಳಕೆದಾರರೊಂದಿಗೆ ಸಮಾಲೋಚಿಸಲಾಗಿದೆ' ಎಂದು ಅಚ್ಚಾಗಿತ್ತು. ಮಾರಾಟದ ಹುಡುಗಿ ಪಾಪ, ಏನಾದರೂ ಹೇಳಬೇಕಲ್ಲ, "ಮೇಡಂ, ಪಕ್ಕದ ಸೀಟಲ್ಲಿ ಕೂತು ಹೋಗೋಕೆ ತುಂಬಾ ಆರಾಮಾಗಿದೆ," ಎಂದಳು. ಅಕ್ಕ ಅಳತೆಪಟ್ಟಿ ಸುತ್ತಿಕೊಂಡು, ಬಾಗಿಲ ಕಡೆ ಕುರ್ಚಿ ತಿರುಗಿಸಿದಳು.

ಇಷ್ಟೇ ಆಗಿದ್ದರೆ ಸರ್ಕಾರದ ಕೆಲಸ ದೇವರ ಕೆಲಸ, ತಡವಾಗುತ್ತದೆ, ಕೆಡುತ್ತದೆ ಎಂದುಕೊಂಡು ಸುಮ್ಮನಾಗುತ್ತಿದ್ದೆ. ಆದರೆ ನಾನು ಆ ಮರುವಿನ್ಯಾಸದ ಕಡತದ ಪ್ರತಿ ಕೇಳಿ ಪಡೆದೆ. ನಲವತ್ತೊಂದನೆಯ ಹಾಳೆಯಲ್ಲಿ ಹೀಗಿದೆ: 'ಜಾರುವ ಬಾಗಿಲು ಹಾಗೂ ಕೈಸನ್ನೆಯ ಪ್ರಸ್ತಾವವನ್ನು, ಬಳಕೆದಾರರ ಸಂಖ್ಯೆ ಅಲ್ಪವಾದ ಕಾರಣ, ಕೈಬಿಡಲಾಗಿದೆ.' ಕೆಳಗೆ ನಿಮ್ಮ ಸಹಿ. ತಾರೀಖು, ನೀವು ಅಕ್ಕನ ಎದುರು ಕೂತ ಏಳನೆಯ ವಾರದ್ದು. ಅಂದರೆ ನೀವು ಫೋನಿನಲ್ಲಿ ಅವಳ ಆರೋಗ್ಯ ವಿಚಾರಿಸಿದಾಗ ಆ ಬಾಗಿಲು ಸತ್ತು ಇಪ್ಪತ್ತು ತಿಂಗಳಾಗಿತ್ತು. ಮತ್ತೆ ಯಾಕೆ ತಡೆಯಿರಿ ಎಂದಿರಿ? ಉತ್ತರ ನಲವತ್ತಾರನೆಯ ಹಾಳೆಯಲ್ಲಿದೆ: 'ಸಾವಿರದ ಇನ್ನೂರು ಜನ ಈಗಿನ ಮಾದರಿಯನ್ನು ಕೊಳ್ಳದೆ ಹೊಸದಕ್ಕಾಗಿ ಕಾಯುತ್ತಿರುವುದೇ ಯೋಜನೆಯ ಬೇಡಿಕೆಗೆ ಸಾಕ್ಷಿ.' ಆಹಾ, ಎಂಥ ಸಾಕ್ಷಿ. ಕಾರು ಕೊಡಲು ನಾವು ಅಲ್ಪಸಂಖ್ಯೆ. ಮಂಜೂರಾತಿಗೆ ತೋರಿಸಲು ಭರ್ತಿ ಸಂಖ್ಯೆ. ನಮ್ಮ ಮೂಗಿಗೆ ತುಪ್ಪ ಸವರಿದ್ದು ಮರೆವಿನಿಂದಲ್ಲ ಸ್ವಾಮಿ, ಲೆಕ್ಕಾಚಾರದಿಂದ.

ಆ ಹಾಳೆಗಳನ್ನು ಅಕ್ಕನಿಗೆ ತೋರಿಸಬೇಕೋ ಬೇಡವೋ ಎಂದು ನಾಲ್ಕು ದಿನ ಒದ್ದಾಡಿದೆ. ಕೊನೆಗೆ ಅವಳ ಮೇಜಿನ ಮೇಲಿಟ್ಟೆ. ಅವಳು ಎರಡು ಸಲ ಓದಿದಳು.

"ಫೋನಲ್ಲಿ ಮಾತಾಡಿದಾಗ ಅವರಿಗೆ ಇದು ಗೊತ್ತಿತ್ತಾ?"

"ಗೊತ್ತಿತ್ತು."

"ಪತ್ರ ಬಂದಾಗಲೆಲ್ಲ?"

"ಮೊದಲನೇದೊಂದು ಬಿಟ್ಟು."

ಅವಳು ಕತ್ತರಿ ಕೈಗೆತ್ತಿಕೊಂಡು ಒಂದು ಕಾಲರನ್ನು ಪೂರ್ತಿ ಕತ್ತರಿಸಿ ಮುಗಿಸಿದಳು. "ನಿನ್ನ ಮೇಲೆ ನನಗೇನೂ ಕೋಪ ಇಲ್ಲ ಕಣೋ," ಎಂದಳು ಆಮೇಲೆ. ನಾನು ಕೇಳಿರಲಿಲ್ಲ. ಕೇಳದೆಯೇ ಹೇಳಿದಳೆಂದರೆ ಎಷ್ಟು ದಿನದಿಂದ ಆ ಕೋಪವನ್ನು ಅವಳೊಬ್ಬಳೇ ಅದುಮಿಟ್ಟಿದ್ದಳೋ.

ಹೋದ ತಿಂಗಳು ಯಜಮಾನ ಯಾರೋ ಓಡಿಸಿ ಬಿಟ್ಟ ಹಳೆಯ ಮಾದರಿಯೊಂದನ್ನು ಹುಡುಕಿ ತಂದ. ಅದೇ ಅಂಗಳ, ಅದೇ ಹಿಡಿ. ಅಕ್ಕ ಎರಡು ಸುತ್ತು ಹೊಡೆದು ನಿಲ್ಲಿಸಿದಳು. ಹಿಡಿಯ ಮೇಲಿದ್ದ ಬಲಗೈಯನ್ನು ಎಡಗೈಯಿಂದ ಒತ್ತಿ ಹಿಡಿದುಕೊಂಡಿದ್ದಳು. "ಬೇಡ," ಎಂದಳು. "ಬ್ರೇಕಿಗೆ ಎರಡೂ ಕೈ ಬೇಕಾಗ್ತಿದೆ. ಎದುರಿಗೆ ಮಗು ಅಡ್ಡ ಬಂದರೆ ಏನು ಮಾಡಲಿ?" ಯಜಮಾನ ಕಾರಿನ ಮುಂದೆ ಬಗ್ಗಿ, ಕೊಳೆಯಿಲ್ಲದ ಗಾಜನ್ನು ಒರೆಸುತ್ತ ನಿಂತ.

ಈಗ ನಿಮ್ಮ ಹೊಸ ಪ್ರಕಟಣೆ ಹೊರಬಿದ್ದಿದೆ. ಮತ್ತೊಂದು ಮರುವಿನ್ಯಾಸವಂತೆ, ಈ ಸಲ ಜಾರುವ ಬಾಗಿಲು ಖಂಡಿತವಂತೆ, ಆಸಕ್ತರು ಕಾಯುವವರ ಪಟ್ಟಿಯಲ್ಲಿ ಹೆಸರು ಬರೆಸಬೇಕಂತೆ. ಅಕ್ಕನಿಗೆ ಪರಿಹಾರ ಕೊಡಿ ಎಂದು ನಾನು ಕೇಳುವುದಿಲ್ಲ. ಭುಜಕ್ಕೆ ನಿಮ್ಮ ಖಜಾನೆಯಲ್ಲಿ ಬದಲಿ ಇಲ್ಲ. ನಾನು ಒತ್ತಾಯಿಸುವುದು ಇಷ್ಟು: ಆ ಪಟ್ಟಿಯಲ್ಲಿರುವ ಒಬ್ಬೊಬ್ಬರಿಗೂ ನಿಮ್ಮ ಸಹಿಯಲ್ಲೇ ಪತ್ರ ಬರೆದು, ಬಾಗಿಲು ಇನ್ನೂ ಕಾಗದದ ಮೇಲಿದೆ, ನಮ್ಮನ್ನು ನಂಬಿ ಕಾಯಬೇಡಿ ಎಂದು ತಿಳಿಸಿ. ಹೊಸ ಕಾರಿಗೆ ಕೈಸನ್ನೆ ಅಳವಡಿಸಬಾರದೆಂಬ ಸುತ್ತೋಲೆಯನ್ನು ಈ ತಿಂಗಳೊಳಗೆ ಹಿಂತೆಗೆದುಕೊಳ್ಳಿ. ಸಮಾಲೋಚಿಸಲಾಗಿದೆ ಎಂಬ ಆ ಸಾಲನ್ನು ಅಳಿಸಿ. ಕರಡು ತಿದ್ದುವವನಾಗಿ ಹೇಳುತ್ತೇನೆ, ಅದು ತಪ್ಪು.

ಕಳೆದ ವಾರ ಊರುಗೋಲು ಹಿಡಿದು ನಡೆಯುವ ಶಾಲಾ ಶಿಕ್ಷಕಿಯೊಬ್ಬರು ಕೋಟಿನ ಅಳತೆ ಕೊಡಲು ಅಂಗಡಿಗೆ ಬಂದರು. ನಿಮ್ಮ ಪಟ್ಟಿಯಲ್ಲಿ ಅವರ ಹೆಸರು ಮುನ್ನೂರ ಏಳನೆಯದು. "ಈಗಲೇ ಹಳೇದು ತಗೊಳ್ಳಲಾ, ಕಾಯಲಾ?" ಎಂದು ಅಕ್ಕನನ್ನು ಕೇಳಿದರು.

"ನಿನ್ನ ಕೈ ಈಗ ಹೇಗಿದೆಯಮ್ಮ?" ಎಂದಳು ಅಕ್ಕ.

"ಚೆನ್ನಾಗಿದೆ."

"ಹಾಗಾದ್ರೆ ಕೋಟು ಆಮೇಲೆ ಹೊಲಿಯೋಣ. ಮೊದಲು ಗ್ಯಾರೇಜಿಗೆ ಹೋಗು. ಒಳ್ಳೇ ಕಾರೊಂದು ಅಲ್ಲೇ ನಿಂತಿದೆ."

ಮುನ್ನೂರ ಏಳನ್ನು ಹೊಡೆದುಹಾಕಿ, ಆಯುಕ್ತರೇ. ಅವರು ಕಾಯುತ್ತಿಲ್ಲ.

ಇಂತಿ,
ನಿಮ್ಮ ಮಾತನ್ನು ನಂಬಿ, ಅಕ್ಕನನ್ನೂ ನಂಬಿಸಿದ
ತಮ್ಮ