ಸೂಗಮ್ಮನ ಹೆಸರಿನ ಗುಳಿಗೆ

ಬಸವಕಲ್ಯಾಣ
ತಾ. 14-9-2005

ಪ್ರೀತಿಯ ಮೊಮ್ಮಗಳು ವಿಜಯಶ್ರೀಗೆ, ನಿನ್ನ ಆಯಿ ಸೂಗಮ್ಮನ ಆಶೀರ್ವಾದಗಳು.

ಹೇಗಿದ್ದೀ ನನ್ನವ್ವಾ? ಕೆಮ್ಮು ಬೆಳಗಿನ ಜಾವ ಮಾತ್ರ ಬರುತ್ತದೆಯೋ, ಈಗ ಹಗಲಿಗೂ ಶುರುವಾಗಿದೆಯೋ? ಸಂಜೆಗೆ ಮೈ ಬೆಚ್ಚಗಾಗುತ್ತದೆಯೇ? 'ಆರಾಮ ಇದ್ದೇನಿ' ಎಂದು ನನಗೆ ಬರೆಯಬೇಡ. ಆ ಮಾತು ನಿನ್ನಪ್ಪನಿಗೆ ಬರೆ, ಅವನು ನಂಬುತ್ತಾನೆ. ಹಾಸ್ಟೆಲಿನ ರೊಟ್ಟಿ ಹಪ್ಪಳದಂತೆ ಮುರಿಯುತ್ತದೆ ಅಂದಿದ್ದೆ. ಮುರಿದರೆ ಮುರಿಯಲಿ, ತಿನ್ನು. ಶೇಂಗಾ ಹಿಂಡಿ ಕುಟ್ಟಿಟ್ಟಿದ್ದೇನೆ, ಗುಲ್ಬರ್ಗಾಕ್ಕೆ ಹೋಗುವವರು ಸಿಕ್ಕರೆ ಕಳಿಸುತ್ತೇನೆ.

ನಿನ್ನ ಕಾಗದ ಜಗಲಿ ಮೇಲೆ ಕೂತು ಓದಿದೆ. ನನ್ನ ಓದು ನಿನಗೆ ಗೊತ್ತಲ್ಲ, ಅಂಗಡಿ ಬೋರ್ಡು ನೋಡಿ ನೋಡಿ ಕಲಿತದ್ದು. ಬೆರಳಿಟ್ಟು ಓದುವವಳಿಗೆ ಕೆಟ್ಟ ಸುದ್ದಿಯೂ ತಡವಾಗಿಯೇ ತಿಳಿಯುತ್ತದೆ. ನಿಮ್ಮ ವಿಶ್ವವಿದ್ಯಾಲಯದ ದವಾಖಾನೆಯ ಡಾಕ್ಟರಮ್ಮ ಒಳ್ಳೆಯವರೇ ಅನಿಸಿತು. ಹುಮನಾಬಾದಿನ ಕಾರ್ಡು ತಂದರೆ ಉಳಿದ ಔಷಧವನ್ನು ಅಲ್ಲೇ ಕೊಡುತ್ತೇವೆ, ಎದುರಿಗೆ ನುಂಗಿದರಾಯಿತು ಅಂದರಂತೆ. ಕಾರ್ಡು ನೋಡಿದರೆ ಸೂಗಮ್ಮ, ವಯಸ್ಸು ಇಪ್ಪತ್ತು. ಕಾಲೇಜಿನ ಗುರುತಿನ ಚೀಟಿಯಲ್ಲಿ ವಿಜಯಶ್ರೀ. 'ಇದು ಯಾರ ಕಾರ್ಡವ್ವಾ?' ಎಂದು ಅವರು ಕೇಳಿದಾಗ ನೀನು ಕಾರ್ಡು ಎತ್ತಿಕೊಂಡು ಎದ್ದು ಬಂದೆ. ಅವತ್ತಿನಿಂದ ಗುಳಿಗೆ ಇಲ್ಲ. ಇದನ್ನು ಬರೆಯಲು ಇಷ್ಟು ದಿನ ಯಾಕೆ ತಡೆದೆ ಮಗಳೇ?

ಜೂನಿನಲ್ಲಿ ನಿನ್ನ ಕರ್ಚೀಫಿನಲ್ಲಿ ರಕ್ತ ಕಂಡಾಗ ನಿನ್ನಪ್ಪ ಹೆದರಿದ. ರೋಗಕ್ಕೆ ಅರ್ಧ, ಜನಕ್ಕೆ ಅರ್ಧ. ಇಲ್ಲಿಯ ದವಾಖಾನೆ ಬೇಡ, ನಮ್ಮ ಅಂಗಡಿಗೆ ಅರಿವೆ ಕೊಳ್ಳಲು ಬರುವವರೆಲ್ಲ ಅಲ್ಲಿರುತ್ತಾರೆ ಎಂದು ಹುಮನಾಬಾದಿಗೆ, ನಿನ್ನ ಸೋದರತ್ತೆ ಕಮಳಾಬಾಯಿಯ ಮನೆಗೆ ಕರೆದೊಯ್ದ. ಅಲ್ಲಿಯ ದವಾಖಾನೆಯಲ್ಲಿ ಹೆಸರು ಕೇಳಿದರೆ ನೀನು ಹೇಳುವ ಮೊದಲೇ ನನ್ನ ಹೆಸರು ಬರೆಸಿದ. ರಾಜೇಶ್ವರದ ದೇವಿದಾಸನ ಜೊತೆ ನಿನ್ನ ಸಂಬಂಧದ ಮಾತು ಆಗತಾನೇ ಪಕ್ಕಾ ಆಗಿತ್ತು ನೋಡು. ರೋಗ ಸೂಗಮ್ಮನ ಹೆಸರಿಗೆ ಉಳಿಯಲಿ, ವಿಜಯಶ್ರೀ ಸ್ವಚ್ಛವಾಗಿ ಗಂಡನ ಮನೆಗೆ ಹೋಗಲಿ ಎಂಬುದು ಅವನ ಲೆಕ್ಕ. ನಿನ್ನ ತೊಟ್ಟಿಲ ದಿನ ನನ್ನ ಹೆಸರಿಡಲು ಎಷ್ಟು ಹಟ ಹಿಡಿದಿದ್ದೆ. ಹಳೇ ಹೆಸರು ಎಂದು ನಿನ್ನವ್ವ ಒಪ್ಪಲಿಲ್ಲ. ಕೊನೆಗೆ ಅದು ನಿನಗೆ ಬಂದದ್ದು ಈ ದಾರಿಯಿಂದ.

ಹೆಸರು ಸರಿಪಡಿಸಿಕೊಂಡು ಬಾ ಎಂದು ನಿನ್ನಪ್ಪನಿಗೆ ಹೇಳಿದೆ. 'ದೀಪಾವಳಿಗೆ ನಿಶ್ಚಯ ಐತಿ, ಅಲ್ಲೀತನಕ ತಡಿ ಯವ್ವಾ' ಅಂದ. 'ಅದು ತಡೀತದೇನು ವೈಜನಾಥ?' ಅಂದೆ. ಉಂಡ ಕೈ ತೊಳೆದು ಅಂಗಡಿಗೆ ಹೋದ.

ಅದಕ್ಕೇ ಮೊನ್ನೆ ಕಮಳಾಬಾಯಿಯನ್ನು ನೋಡಿ ಬರುತ್ತೇನೆಂದು ಹೇಳಿ, ನಿನ್ನ ಮ್ಯಾಟ್ರಿಕ್ ಮಾರ್ಕ್ಸ್ ಕಾರ್ಡು ಸೆರಗಿನಲ್ಲಿ ಸುತ್ತಿಕೊಂಡು ಹುಮನಾಬಾದಿನ ಬಸ್ಸು ಹತ್ತಿದೆ. ದವಾಖಾನೆಯ ಕಿಟಕಿಯಲ್ಲಿ ಸೂಗಮ್ಮನ ಕಾರ್ಡು ಸರಿಪಡಿಸಬೇಕು ಅಂದೆ, ಅಲ್ಲಿದ್ದವನು 'ಸೂಗಮ್ಮ ಯಾರ್ರಿ?' ಅಂದ. 'ನಾನೇ ರೀ' ಅಂದೆ. ಪುಸ್ತಕ ನೋಡಿದ, ನನ್ನ ನೋಡಿದ. 'ಜೂನದಾಗ ಇಪ್ಪತ್ತು ಇದ್ರಿ ಆಯಿ. ಇಷ್ಟು ಲಗೂನ ಹಲ್ಲೆಲ್ಲಾ ಎಲ್ಲಿ ಹೋದವ್ರಿ?' ಸಾಲಿನಲ್ಲಿದ್ದವರೆಲ್ಲ ನಕ್ಕರು. ನಾನೂ ನಕ್ಕೆ. ಆಮೇಲೆ ಅವನು ನಗು ನಿಲ್ಲಿಸಿ, 'ಹಂಗಾರ ಗುಳಿಗಿ ನುಂಗಿದವರ ಹೆಸರು ಹೇಳ್ರಿ' ಅಂದ. ಹೇಳಿದೆ. ಕಾಲೇಜು ಶುರುವಾಗುವ ತನಕ ನಿನಗೆ ಎದುರಿಗೆ ನಿಂತು ಗುಳಿಗೆ ನುಂಗಿಸುತ್ತಿದ್ದ ನರ್ಸ್ ಸುಗಂಧಾ ಬಂದು ಹೌದೆಂದಳು. ಡಾಕ್ಟರರು ಬೈದರು, ಬೈದು ಸಹಿ ಹಾಕಿದರು. ಅರ್ಧಕ್ಕೆ ಬಿಟ್ಟರೆ ಈ ಕ್ಷಯರೋಗ ಮೊಂಡಾಗುತ್ತದೆ, ಮುಂದೆ ಇದೇ ಗುಳಿಗೆಗೆ ಬಗ್ಗುವುದಿಲ್ಲ ಅಂದರು. ನಿನ್ನ ಸ್ವಂತ ಹೆಸರಿನ ಚೀಟಿ ಇದರೊಳಗೆ ಮಡಚಿಟ್ಟಿದ್ದೇನೆ.

ಕಮಳಾಬಾಯಿ ನಿನ್ನನ್ನು ಕೇಳಿದ್ದಾಳೆ. ನಿನಗೆ ಉಸಿರು ಸಲೀಸಾಗಿ ಆಡಲಿ, ರಾತ್ರಿ ಕೆಮ್ಮಿಲ್ಲದ ನಿದ್ದೆ ಬರಲಿ. ನನ್ನ ಆಯುಷ್ಯದಲ್ಲಿ ಉಳಿದದ್ದೂ ನಿನಗೇ ಸೇರಲಿ.

ನಿನ್ನ ಆಯಿ
ಸೂಗಮ್ಮ

ತಾ.ಕ.: ಅಂಚೆ ಡಬ್ಬಿಯ ತನಕ ಹೋಗಿ ತಿರುಗಿ ಬಂದೆ. ಒಂದು ಮಾತು ಬರೆಯದೆ ಬಿಟ್ಟಿದ್ದೆ. ಅವತ್ತು ಸಾಲಿನಲ್ಲಿ ನನ್ನ ಹಿಂದೆ ರಾಜೇಶ್ವರದ ಸಂಗಪ್ಪ ನಿಂತಿದ್ದರು, ದೇವಿದಾಸನ ಕಾಕಾ, ಕಾಲಿನ ಗಾಯಕ್ಕೆ ಪಟ್ಟಿ ಕಟ್ಟಿಸಲು. ನಿನ್ನ ಹೆಸರು ಹೇಳುವ ಮೊದಲೇ ಅವರನ್ನು ನೋಡಿದ್ದೆ. ನಾಳೆ ಬರುತ್ತೇನೆ ಎನ್ನಲು ಬಾಯಿ ತೆರೆದಿದ್ದೆ. ನಾಳೆ ನಿನ್ನಪ್ಪ ನನ್ನನ್ನು ಬಸ್ಸು ಹತ್ತಲು ಬಿಡುತ್ತಿದ್ದನೋ ಇಲ್ಲವೋ. ನಿನ್ನ ಹೆಸರೇ ಹೇಳಿದೆ. ನಿನ್ನೆ ಅಂಗಡಿಗೆ ಫೋನು ಬಂತು, ಸಂಬಂಧ ಬೇಡವಂತೆ. ನಿನ್ನಪ್ಪ ನನ್ನ ಕೈ ರೊಟ್ಟಿ ಮುಟ್ಟುತ್ತಿಲ್ಲ. ದೇವಿದಾಸನ ಫೋಟೋ ನಿನ್ನ ಪುಸ್ತಕದಲ್ಲಿರುವುದು ನನಗೆ ಗೊತ್ತು ಅವ್ವಾ. ಸಿಟ್ಟು ಬಂದರೆ ಕಾಗದ ಬರೆಯಬೇಡ, ದೀಪಾವಳಿಗೆ ಬಂದಾಗ ಮಾತಾಡಬೇಡ. ಆದರೆ ಇವತ್ತೇ ಈ ಚೀಟಿ ಹಿಡಿದು ದವಾಖಾನೆಗೆ ಹೋಗು. ಮೊದಲು ಗುಳಿಗೆ ನುಂಗು, ಆಮೇಲೆ ಅಳು.