ಚಿಲಕದ ಮೇಲೆ ಏನು ಬರೆಸುವುದು?

ಮಾರ್ಚ್ 12, ಗುರುವಾರ. ಇವತ್ತು ಉಪವಾಸ. ನೀರು ತುಂಬಿಸಿ, ಪಾತ್ರೆ ತೊಳೆದು, ದೇವರಿಗೆ ಕೈಮುಗಿದು ಮೊಮ್ಮಗಳ ಶಾಲೆಗೆ ಹೋದೆ. ಪಾಲಕರ ಸಂಘದವರು ತಿಂಡಿ ಮಾರಿ ಹಣ ಕೂಡಿಸುವ ದಿನ.

ನಾನು ಮಾಡಿದ ಕೇಕನ್ನು ನನ್ನ ಸೊಸೆಯೇ ಕೊಂಡಳು. ಎದುರುಮನೆಯಾಕೆಯ ಬಿಸ್ಕತ್ತು ಕೊಂಡು ನಾನು ಬರೀ ಮೂಸಿ ನೋಡಿದೆ.

"ಹಿಟ್ಟಿನ ದುಡ್ಡನ್ನೇ ಸಂಘದ ಡಬ್ಬಿಗೆ ಹಾಕಿದ್ರೆ ಆಗ್ತಿರಲಿಲ್ವಾ?" ಅಂದೆ.

"ಅಮ್ಮಾ, ಬರೀ ಡಬ್ಬಿ ಇಟ್ರೆ ಯಾರೂ ಈ ಕಡೆ ತಲೆ ಹಾಕಲ್ಲ," ಅಂತ ಸಂಘದ ಅಧ್ಯಕ್ಷೆ ನಕ್ಕಳು. ಮನುಷ್ಯರ ಮನಸ್ಸು ಎಷ್ಟು ವಿಚಿತ್ರ, ದೇವರೇ!

ಆ ಹಣದಲ್ಲಿ ವೇದಿಕೆಗೆ ಹೊಸ ಪರದೆ ತರ್ತಾರಂತೆ. ಹೆಣ್ಣುಮಕ್ಕಳ ಪಾಯಿಖಾನೆ ಬಾಗಿಲಿಗೆ ಚಿಲಕವೇ ಇಲ್ಲ. ಅಲ್ಲಿಗೆ ಹೋಗಲು ಹೆದರಿ ನಮ್ಮ ಕೂಸು ಶಾಲೆಯಲ್ಲಿ ಒಂದು ಗುಟುಕು ನೀರೂ ಕುಡಿಯಲ್ಲ.

"ಮೊದಲು ಚಿಲಕ ಹಾಕಿಸಬಾರದಾ?" ಅಂತ ಕೇಳಿದೆ.

"ಪರದೆ ಮೇಲೆ ಸಂಘದ ಹೆಸರು ಬರೆಸಬಹುದಮ್ಮಾ. ಚಿಲಕದ ಮೇಲೆ ಏನು ಬರೆಸೋದು?"

"ಅದರ ಮೇಲೂ ನಿಮ್ಮ ಹೆಸರೇ ಬರೆಸಿ ತಾಯಿ, ದಿನಾ ಬಂದು ನಾನೇ ಒರೆಸ್ತೀನಿ!"

ಅವಳು ನಕ್ಕಳು. ನಾಳೆ ಸಭೆಯಲ್ಲಿ ಹೇಳ್ತೀನಿ ಅಂದಳು. ನಿಜವಾಗಿ ಹೇಳ್ತಾಳೋ ಇಲ್ವೋ, ಅದನ್ನೇ ಯೋಚಿಸುತ್ತಿದ್ದೇನೆ. ಕಣ್ಣು ಎಳೀತಿದೆ. ಸಭೆಗೆ ಹೋಗುವವಳು ಸೊಸೆ, ಅವಳಿಗೆ ನಾನು ಹೇಳೋದು ಇಷ್ಟೇ: ತಾಯಿ, ಬೇರೇನು ಮರೆತರೂ ಚಿಂತೆಯಿಲ್ಲ, ನನ್ನ ಚಿಲಕದ ಮಾತಿಗೆ ಉತ್ತರ ಮಾತ್ರ ಕೇಳಿಸಿಕೊಂಡು ಬಾ.